ಸಿಮೆಂಟಿನ ಗುತ್ತೆವ್ವ

ಹಿರೇಕೆರೂರು
18 ಜನವರಿ 2024

ತಮ್ಮ ಬಸವೇಶನಿಗೆ,

ಫೋನ್ ಮಾಡಿದರೆ ನಿನ್ನ ಮ್ಯಾನೇಜರ್ ಎತ್ತಿ "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರಿ" ಎನ್ನುತ್ತಾನೆ. ಹೈವೇ ಬದಿಯ ಹೊಲ ಮಾರುವ ಮೊದಲು ನಿನ್ನ ಮೀಟಿಂಗ್ ನಡೆಯುತ್ತಿದ್ದುದು ಶಿಗ್ಗಾಂವಿಯ ಚಹಾದಂಗಡಿ ಕಟ್ಟೆಯ ಮೇಲೆ, ಅದೂ ಉದ್ರಿ ಚಹಾದಲ್ಲಿ. ಇರಲಿ. ಪತ್ರದ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ, ಅವನಿಗೂ ಬರುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಸಂಕ್ರಾಂತಿಯ ದಿನ ನಿನ್ನ ರೆಸಾರ್ಟಿನ ಉದ್ಘಾಟನೆಗೆ ಬಂದೆ, ಉಂಡೆ, ಫೋಟೊಗೆ ನಿಂತೆ. ಅಂದು ಬಂಧು ಬಳಗದ ಮುಂದೆ ಹೇಳದೇ ನುಂಗಿಕೊಂಡದ್ದನ್ನು ಈಗ ಹೇಳುತ್ತೇನೆ. ಗೊಟಗೋಡಿಯ ರಾಕ್ ಗಾರ್ಡನ್ ನೋಡಿಕೊಂಡು ಬಂದವನಿಗೆ ಅಂಥದ್ದೊಂದು ನಮ್ಮ ಹೊಲದಲ್ಲೂ ಬೇಕೆನ್ನಿಸಿತು. ಅಲ್ಲಿ ಕಲಾವಿದರು ಹಳ್ಳಿಯನ್ನು ಕಣ್ತುಂಬ ನೋಡಿ ಮಾಡಿದ್ದಾರೆ. ನೀನು ಇದ್ದ ಹೊಲದ ಬಹುಪಾಲು ಮಾರಿ, ಅದರ ರೊಕ್ಕದಲ್ಲಿ ಉಳಿದ ತುಂಡಿನ ಮೇಲೆ ಸಿಮೆಂಟಿನ ಹೊಲ ಮಾಡಿಸಿದ್ದೀ. ಸಿಮೆಂಟಿನ ಎತ್ತು, ಸಿಮೆಂಟಿನ ಬಣವಿ, ಸಿಮೆಂಟಿನ ಬಾವಿ. ಎತ್ತುಗಳಿಗೆ ಕಣ್ಣಿಗೆ ಕಾಡಿಗೆ ಬೇರೆ. ನಡುವೆ ರುಮಾಲು ಸುತ್ತಿ ನೇಗಿಲು ಹಿಡಿದು ನಿಂತವನು ನಮ್ಮಪ್ಪ ಮಹಾಲಿಂಗಪ್ಪ ಎಂದು ಬೋರ್ಡು ಓದಿದ ಮೇಲೆ ಗೊತ್ತಾಯಿತು. ಅಪ್ಪ ನೇಗಿಲು ಹಿಡಿದದ್ದನ್ನು ನಾನಂತೂ ನೋಡಿಲ್ಲ ತಮ್ಮಾ. ಅಪ್ಪ ಛತ್ರಿ ಹಿಡಿದು ಬದುವಿನ ಮೇಲೆ ನಿಂತು, ನೇಗಿಲು ಹಿಡಿದವರನ್ನು ಬೈಯುತ್ತಿದ್ದ.

ಗೇಟಿನ ಹತ್ತಿರ ಬೇವಿನ ಮರದ ಬುಡಕ್ಕೆ ಗುತ್ತೆವ್ವನನ್ನು ಕೂರಿಸಿದ್ದೀ. ಅವಳನ್ನು ನೋಡಿ ಮಾತ್ರ ನನಗೆ ನಗುವೂ ಬರಲಿಲ್ಲ. ಮುಂದೆ ಒಲೆ, ಹಂಚು, ರೊಟ್ಟಿ ಬಡಿಯಲು ಎತ್ತಿದ ಬಲಗೈ. ಆ ಅಗಲ ಮೂಗು, ಗಲ್ಲದ ಮೇಲಿನ ಮಚ್ಚೆ, ಎಲ್ಲ ಅವಳದೇ. ಹುಬ್ಬಳ್ಳಿಯಿಂದ ಬಂದ ನಿನ್ನ ಅತಿಥಿಗಳು ಅವಳ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅದೇ ಹೊತ್ತಿಗೆ, ನಮ್ಮ ಹೊಲದಲ್ಲಿ ಜೀವಮಾನವೆಲ್ಲ ದುಡಿದ ಜೀವಂತ ಗುತ್ತೆವ್ವ ಗೇಟಿನ ಹೊರಗೆ ನಿಂತು ಇಣುಕುತ್ತಿದ್ದಳು. ನಿನ್ನ ವಾಚ್‌ಮನ್ "ಏ ಮುದುಕಿ, ಟಿಕೆಟ್ ಎಲ್ಲೈತಿ? ಆ ಕಡೆ ಸರಿ, ಕಾರ್ ಬರಾಕತ್ತಾವು" ಎಂದ. ನಾನೇ ಕೇಳಿಸಿಕೊಂಡೆ.

ಇಷ್ಟು ಸಾಲದೆಂದು, ನಾನು ಹೊರಟಾಗ ನಿನ್ನ ಹೆಂಡತಿ ಉಡಿ ತುಂಬಿದಳು. ಸೀರೆ, ಕಣ, ಕಾಯಿ, ಅದರ ಕೆಳಗೆ ಮಡಚಿಟ್ಟ ಕಾಗದ. ತವರಿನ ಉಡಿ ಎಂದರೆ ಹೆಣ್ಣುಮಕ್ಕಳ ಕಣ್ಣು ಒದ್ದೆಯಾಗುತ್ತದೆ, ಆ ಹೊತ್ತು ನೋಡಿ ನೀವು ಸಹಿ ಹಾಕಿಸಿಕೊಳ್ಳುತ್ತೀರಿ. ಹಿಂದೆ ಹಾಗೇ ಹಾಕಿದ್ದೇನೆ. ಈಗ ನಮ್ಮಿಬ್ಬರ ಹೆಸರಲ್ಲಿ ಉಳಿದಿರುವುದು ಆ ಐದು ಗುಂಟೆ ಮೂಲೆಯೊಂದೇ. ಅದರಲ್ಲಿ ಗುತ್ತೆವ್ವನ ಮನೆ ಇದೆ. "ಇಲ್ಲೇ ಕಟ್ಕೊಂಡು ಇರು" ಎಂದು ಅಪ್ಪ ಬಾಯಿಮಾತಿನಲ್ಲಿ ಕೊಟ್ಟ ಜಾಗ ಅದು. ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುತ್ತೀಯಂತೆ. ಸಿಮೆಂಟಿನ ಗುತ್ತೆವ್ವನಿಗೆ ನೆರಳು, ಜೀವ ಇದ್ದವಳಿಗೆ ಬೀದಿ.

ಸೀರೆ ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ. ಕಾಗದವನ್ನು ಸಹಿ ಇಲ್ಲದೆ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಇಷ್ಟೆಲ್ಲ ರೊಕ್ಕ ಬಂದು ನಿನಗೆ ಸಿಕ್ಕದ್ದೇನು, ಒಂದು ಸಲ ಕೂತು ಬರೆ.

ನಿನ್ನ ಅಕ್ಕ,
ಶೀಲಾ


ಶಿಗ್ಗಾಂವಿ
5 ಫೆಬ್ರುವರಿ 2024

ಮಾನ್ಯರೇ,

ವಿಷಯ: ಐದು ಗುಂಟೆ ಜಾಗದ ಹಕ್ಕು ಬಿಡುಗಡೆ ಮಾಡಿಕೊಡುವ ಕುರಿತು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಶೀಘ್ರವೇ ಸಹಿ ಮಾಡಿ ಸಹಕರಿಸಬೇಕಾಗಿ ವಿನಂತಿ.

ಅಕ್ಕಾ, ಮೇಲಿನದು ಮ್ಯಾನೇಜರ್ ಟೈಪ್ ಹೊಡೆದದ್ದು. ಇಲ್ಲಿಂದ ನನ್ನ ಕೈಬರಹ, ಸಿಟ್ಟಾಗಬೇಡ.

ಏನು ಸಿಕ್ಕಿತು ಅಂತ ಕೇಳಿದ್ದೀ, ಹೇಳುತ್ತೇನೆ. ನನ್ನ ಮದುವೆಯ ಜವಳಿಗೆ ಹುಬ್ಬಳ್ಳಿಗೆ ಹೋದದ್ದು ನಿನಗೆ ನೆನಪಿರಬೇಕು, ನೀನೂ ಇದ್ದೆ. ಅಂಗಡಿಯವನು ನಮ್ಮ ಕಾಲಿನ ಧೂಳು ನೋಡಿ, ಕೇಳದೆಯೇ ಅಗ್ಗದ ಥಾನು ಬಿಚ್ಚಿದ. ಈಗ ಅದೇ ಬೀದಿಯಲ್ಲಿ ನಾನು ಕಾರಿನಿಂದ ಇಳಿಯುವ ಮೊದಲೇ ಕುರ್ಚಿ ಬರುತ್ತದೆ, ತಣ್ಣನೆಯ ನೀರು ಬರುತ್ತದೆ. ಮೊದಲು "ಏ ಬಸ್ಯಾ" ಎನ್ನುತ್ತಿದ್ದವರು ಈಗ "ಬರ್ರಿ ಬಸವೇಶಣ್ಣಾರ, ಕುಂದರ್ರಿ" ಎನ್ನುತ್ತಾರೆ. ಮದುವೆ ಮನೆಗಳಲ್ಲಿ ನಾನು ಬರುವವರೆಗೆ ಊಟಕ್ಕೆ ಬಡಿಸುವುದಿಲ್ಲ. ನಿನಗೆ ಇದೆಲ್ಲ ಸಣ್ಣದೆನ್ನಿಸಬಹುದು. ನನಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಗುತ್ತೆವ್ವನ ಬಗ್ಗೆ ನನಗೂ ಕಾಳಜಿ ಇದೆ. ಇಲ್ಲದಿದ್ದರೆ ಮೂರ್ತಿ ಮಾಡಿಸುತ್ತಿದ್ದೆನೇ? ಅವಳ ಮನೆಯ ತಗಡು ತೂತು ಬಿದ್ದಿದೆ, ಗೋಡೆ ಬಿರುಕು ಬಿಟ್ಟಿದೆ. ಮಗಳು ಹೇಮಾ ಹಾನಗಲ್ಲಿನಲ್ಲಿ ಬಸ್ ಕಂಡಕ್ಟರ್ ಇದ್ದಾಳೆ, ಸರ್ಕಾರಿ ಪಗಾರ ಬರುತ್ತದೆ. ತಾಯಿಯನ್ನು ಅವಳು ನೋಡಿಕೊಳ್ಳಬಾರದೇ? ಕಾರುಗಳನ್ನು ಹೈವೇ ಮೇಲೆ ನಿಲ್ಲಿಸಿ ಪೊಲೀಸರ ಹತ್ತಿರ ಬೈಸಿಕೊಳ್ಳುತ್ತಿದ್ದೇನೆ. ಆ ಮೂಲೆ ಸಿಗದಿದ್ದರೆ ನನಗೆ ಕಷ್ಟ.

ಭಾವನವರಿಗೆ ನಮಸ್ಕಾರ. ಅಂಕಿತಾಳಿಗೆ ವರ ನೋಡುತ್ತಿದ್ದೀರೆಂದು ಕೇಳಿದೆ, ಮದುವೆ ನಮ್ಮ ರೆಸಾರ್ಟಿನಲ್ಲೇ ಆಗಲಿ, ಸೋದರಮಾವನ ಉಡುಗೊರೆ ಅಂತ ತಿಳಿದುಕೊಳ್ಳಿ.

ನಿನ್ನ ತಮ್ಮ,
ಬಸವೇಶ


ಹಿರೇಕೆರೂರು
19 ಫೆಬ್ರುವರಿ 2024

ಬಸವೇಶಣ್ಣಾರೇ,

ಕುರ್ಚಿಯ ಕಥೆ ಓದಿ ನಾನೂ ಇವರೂ ಬಹಳ ಹೊತ್ತು ನಕ್ಕೆವು. ಆ ಅಂಗಡಿಯವನು ಅಂದೂ ನಿನ್ನ ಕಿಸೆ ನೋಡಿದ್ದ, ಇಂದೂ ನಿನ್ನ ಕಿಸೆಯನ್ನೇ ನೋಡುತ್ತಿದ್ದಾನೆ. ಅವನು ಬದಲಾಗಿಲ್ಲ. ಅಂದು ನಿನಗೆ ಅವಮಾನವಾಯಿತು, ಇಂದು ಆನಂದವಾಗುತ್ತಿದೆ, ಅಷ್ಟೇ.

ಹೊಲ ಮಾರಿದ ಮೇಲೆ ನಮ್ಮ ಊರು ಏನಾಗಿದೆ ನೋಡಿದ್ದೀಯಾ? ಮನೆಮನೆಗೆ ಕಾರು ಬಂದಿದೆ, ಹೊಳ್ಳಿಸಲು ಜಾಗವಿಲ್ಲದೆ ಓಣಿಯಲ್ಲಿ ಹಿಂದುಹಿಂದಕ್ಕೆ ಹೋಗುತ್ತಾರೆ. ತಲೆತಲಾಂತರದಿಂದ ಜೋಳ ಬೆಳೆದ ಮನೆಗಳಿಗೆ ಜೋಳದ ಚೀಲ ಕಿರಾಣಿ ಅಂಗಡಿಯಿಂದ ಬರುತ್ತದೆ. ಒಬ್ಬ ಕಂಪೌಂಡು ಎತ್ತರಿಸಿದನೆಂದು ಪಕ್ಕದವನೂ ಎತ್ತರಿಸಿದ, ಈಗ ಅಕ್ಕಪಕ್ಕದ ಹೆಂಗಸರು ಸಾರು ಕೇಳಲು ಫೋನ್ ಮಾಡಬೇಕು. ಯಾರಾದರೂ ಸತ್ತರೆ ಮಣ್ಣಿಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ, ಡ್ರೈವರನ ಕೈಯಲ್ಲಿ ಹೂವಿನ ಹಾರ ಕಳಿಸುತ್ತಾರೆ. ಇದನ್ನೇ ನೀವು ಊರು ಮುಂದೆ ಬಂತು ಎನ್ನುತ್ತೀರಿ.

ನಾವೇನು ಕಂಡಿಲ್ಲವೇ ರೊಕ್ಕ? ಇವರ ಬೀಜ ಗೊಬ್ಬರದ ಅಂಗಡಿ ಹಿರೇಕೆರೂರಿನಲ್ಲಿ ಹೆಸರಾದ ಅಂಗಡಿ. ಆದರೂ ನಮ್ಮ ಮನೆಯಲ್ಲಿ ಇವತ್ತಿಗೂ ಸ್ಟೀಲಿನ ತಾಟಿನಲ್ಲೇ ಉಣ್ಣುತ್ತೇವೆ. ಸಿರಿವಂತಿಕೆ ಬಂದಾಗ ಬಾಗುವುದನ್ನು ಕಲಿಯಬೇಕು ತಮ್ಮಾ. ನಿನಗೆ ಹೇಳಿ ಏನು ಉಪಯೋಗ, ನಿನ್ನ ಕುತ್ತಿಗೆಗೆ ಬಂಗಾರದ ಸರಪಳಿ ಬಿದ್ದಿದೆ, ಬಾಗಿದರೆ ಚುಚ್ಚುತ್ತದೆ.

ಗುತ್ತೆವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಬದುಕಿರುವವರೆಗೆ ಅವಳ ಮನೆ ಅಲ್ಲೇ ಇರುತ್ತದೆ. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ನಿನ್ನ ಸಿಮೆಂಟಿನ ಬಾವಿಯಲ್ಲಿ ನಿಲ್ಲಿಸು.

ಶೀಲಾ


ಶಿಗ್ಗಾಂವಿ
2 ಮೇ 2024

ಅಕ್ಕಾ,

ನಿಮ್ಮ ಮನೆಗೆ ಖಾರದ ಪುಡಿ ತರುವ ಸವಣೂರಿನ ನೂರಜಹಾನ ನಿನಗೆ ಫೋನಿನಲ್ಲಿ ಏನು ಹೇಳಿದಳೋ ಗೊತ್ತಿಲ್ಲ, ನಿಜವಾದದ್ದನ್ನು ನಾನು ಬರೆಯುತ್ತೇನೆ. ಲೆಟರ್‌ಹೆಡ್ ಇಲ್ಲ ನೋಡು, ಇದನ್ನು ಮ್ಯಾನೇಜರನಿಗೂ ತೋರಿಸಿಲ್ಲ.

ಯುಗಾದಿ ಅಮಾವಾಸ್ಯೆಯ ದಿನ ಒಂದು ಟೆಂಪೊ ನಮ್ಮ ಗೇಟಿನ ಮುಂದೆ ನಿಂತಿತು. ಎಲ್ಲಿಗೋ ದೇವರಿಗೆ ಹೊರಟ ಹೆಣ್ಣುಮಕ್ಕಳು ನೀರು ಕುಡಿಯಲು ಇಳಿದರು. ಬೇವಿನ ಮರದ ಕೆಳಗೆ ಕುಂತ ಹೆಂಗಸು, ಮುಂದೆ ಒಲೆ, ಎತ್ತಿದ ಅಂಗೈ. ಅದು ರೊಟ್ಟಿ ಬಡಿಯುವ ಕೈ ಎಂದು ನಮಗೆ ಗೊತ್ತು. ಅವರಿಗೆ ಆಶೀರ್ವಾದ ಮಾಡುವ ಕೈಯಾಗಿ ಕಂಡಿತು. ಒಬ್ಬಾಕೆ ಚಪ್ಪಲಿ ಬಿಟ್ಟು ಕುಂಕುಮ ಹಚ್ಚಿದಳು, ಅವಳ ಹಿಂದೆ ಉಳಿದವರೂ ಹಚ್ಚಿದರು. ವಾಚ್‌ಮನ್ ಸುಮ್ಮನಿರುವುದು ಬಿಟ್ಟು "ಬೇಡಿದ್ದು ಕೊಡ್ತಾಳ್ರಿ" ಎಂದುಬಿಟ್ಟ, ಅವನಿಗೆ ಚಹಾ ಖರ್ಚಿಗೆ ಏನೋ ಸಿಕ್ಕಿರಬೇಕು.

ನಾನು ಮರುದಿನ ಒರೆಸಿಸಿದೆ ಅಕ್ಕಾ, ಆಣೆ ಮಾಡುತ್ತೇನೆ. ಆದರೆ ಮುಂದಿನ ಮಂಗಳವಾರ ಅವರೇ ಮತ್ತೆ ಬಂದರು, ಮತ್ತಷ್ಟು ಜನರನ್ನು ಕರೆತಂದರು. ಅವರಲ್ಲೊಬ್ಬಳ ಕೂಸಿನ ಜ್ವರ ಬಿಟ್ಟಿತ್ತಂತೆ. ಈಗ ಮಂಗಳವಾರ, ಶುಕ್ರವಾರ ಕಾಲಿಡಲು ಜಾಗವಿಲ್ಲ. ಒಲೆಯ ಮುಂದೆ ಕುಂತವಳು ಎಂದು ಅವರೇ ಒಲೆವ್ವ ಎಂದು ಹೆಸರಿಟ್ಟಿದ್ದಾರೆ. ಹಸಿರು ಸೀರೆ ಉಡಿಸುತ್ತಾರೆ, ಬಳೆ ತೊಡಿಸುತ್ತಾರೆ, ಕೈಕೆಳಗಿನ ಸಿಮೆಂಟ್ ರೊಟ್ಟಿಗೆ ಅರಿಷಿಣ ಹಚ್ಚುತ್ತಾರೆ. ನಾನೂ ಬೆಳ್ಳಿಯ ಕಣ್ಣು ಮಾಡಿಸಿದೆ, ಮೇಲೆ ಮಂಟಪ ಎಬ್ಬಿಸಿದೆ, ಪೂಜೆಗೆ ಒಬ್ಬರನ್ನು ಇಟ್ಟೆ, ಒಂದು ಹುಂಡಿಯನ್ನೂ ಇಟ್ಟೆ. ಕ್ಯಾಲೆಂಡರ್ ಅಚ್ಚಿಗೆ ಹೋಗಿದೆ. ನೀನು ನಗುತ್ತೀ ಎಂದು ಗೊತ್ತು. ಮೊದಲು ನನಗೂ ನಗು ಬಂದಿತ್ತು. ಅಷ್ಟು ಜನ ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ ಒಂದು ಸಂಜೆ ನನ್ನ ಕೈಯೂ ತಾನಾಗಿ ಜೋಡಿಸಿಕೊಂಡಿತು.

ತೊಂದರೆ ಇರುವುದು ಜೀವಂತ ಗುತ್ತೆವ್ವನದು. ದಿನಾ ಸಂಜೆ ಬಂದು ಗೇಟಿನ ಹತ್ತಿರ ನಿಂತುಬಿಡುತ್ತಾಳೆ. ಮುಖ ಅದೇ, ಮೂಗು ಅದೇ. ಬರುವವರೆಲ್ಲ ಸ್ಥಿತಿವಂತರ ಮನೆಯ ಹೆಣ್ಣುಮಕ್ಕಳು. ತಾವು ಉಡಿ ತುಂಬಿ ಅಡ್ಡಬೀಳುತ್ತಿರುವುದು ಕೇರಿಯ ಕೂಲಿ ಹೆಂಗಸಿನ ಮೂರ್ತಿಗೆ ಎಂದು ಗೊತ್ತಾದರೆ, ಕಾಯಿ ಒಡೆದ ಕೈಯಲ್ಲೇ ಕಲ್ಲು ಎತ್ತುತ್ತಾರೆ. ಅವಳನ್ನು ಹಾನಗಲ್ಲಿಗೆ ಕಳಿಸಲೇಬೇಕು. ವಾಹನಗಳಿಗೆ ಆ ಜಾಗವೂ ಬೇಕೇ ಬೇಕು. ಈ ಸಲ ಇಲ್ಲ ಎನ್ನಬೇಡ.

ಬಸವೇಶ


ಹಿರೇಕೆರೂರು
15 ಮೇ 2024

ಪ್ರೀತಿಯ ಹೇಮಾ,

ನೀನು ಸಣ್ಣವಳಿದ್ದಾಗ ನಿಮ್ಮವ್ವನ ಸೆರಗು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬರುತ್ತಿದ್ದೆ, ನಿನಗೆ ನಾನು ಉಂಡಿ ಕೊಡುತ್ತಿದ್ದೆ. ಈಗ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಸೀಟಿ ಹೊಡೆಯುತ್ತೀಯೆಂದು ಕೇಳಿ ಹೆಮ್ಮೆಯಾಗುತ್ತದೆ.

ನನ್ನ ತಮ್ಮ ಮಾಡಿದ ಪಾಪದ ಕೆಲಸ ನಿನಗೂ ಗೊತ್ತಿದೆ. ನಿಮ್ಮವ್ವನ ಮೂರ್ತಿಗೆ ಬೆಳ್ಳಿಯ ಕಣ್ಣು ಇಟ್ಟು, ನಿಮ್ಮವ್ವನನ್ನೇ ಓಡಿಸಲು ನೋಡುತ್ತಿದ್ದಾನೆ. ಹೆದರಬೇಡ. ನನ್ನ ಸಹಿ ಇಲ್ಲದೆ ಅವನು ಆ ಮನೆಯ ಒಂದು ಇಟ್ಟಿಗೆ ಅಲುಗಿಸಲಾರ. ಇಷ್ಟು ತಿಂಗಳಿನಿಂದ ನಾನೊಬ್ಬಳೇ ಅವನನ್ನು ತಡೆದು ನಿಲ್ಲಿಸಿದ್ದೇನೆ, ಬಂಧು ಬಳಗದಲ್ಲಿ ಕೆಟ್ಟವಳಾಗಿದ್ದೇನೆ. ಇರಲಿ, ನ್ಯಾಯಕ್ಕಾಗಿ ಇಷ್ಟು ಮಾಡದಿದ್ದರೆ ಹೇಗೆ?

ನಿಮ್ಮವ್ವನನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದೇನೆಂದರೆ, ನಿಜವಾದ ಸಿರಿವಂತಳು ಅವಳೇ. ತೂತು ಬಿದ್ದ ತಗಡಿನ ಕೆಳಗೂ ಅವಳ ಮುಖದಲ್ಲಿ ಎಂಥ ಶಾಂತಿ! ಆ ನೆಮ್ಮದಿ ಬಸವೇಶನಿಗೆ ಜನ್ಮದಲ್ಲಿ ಸಿಗುವುದಿಲ್ಲ.

ಒಂದು ಕೆಲಸ ಮಾಡು. ಬರುವ ಮಂಗಳವಾರ ಜನ ತುಂಬಿದ ಹೊತ್ತಿಗೆ ನಿಮ್ಮವ್ವನನ್ನು ಕರೆತಂದು ಆ ಮೂರ್ತಿಯ ಪಕ್ಕದಲ್ಲಿ ಕೂರಿಸು, ಅದರ ಹಾಗೆಯೇ ಕೈ ಎತ್ತಲು ಹೇಳು. ಎಲ್ಲರೂ ನೋಡಲಿ. ಉಡಿ ತುಂಬಲು ಬಂದ ಆ ಸಾಹುಕಾರ್ತಿಯರ ಮುಖ ಹೇಗಾಗುತ್ತದೆಂದು ನಾನು ಕಾರಿನಲ್ಲಿ ಕೂತು ನೋಡುತ್ತೇನೆ. ಅವನ ಒಲೆವ್ವನ ವ್ಯಾಪಾರ ಅಂದಿಗೇ ಮುಗಿಯಬೇಕು.

ನಿನ್ನ,
ಶೀಲಕ್ಕ


ಹಾನಗಲ್
9 ಜೂನ್ 2024

ಶೀಲಕ್ಕಾರಿಗೆ ಹೇಮಾಳ ನಮಸ್ಕಾರ.

ನಿಮ್ಮ ಪತ್ರ ಡಿಪೊ ವಿಳಾಸಕ್ಕೆ ಬಂದು ಮುಟ್ಟಿತು. ಫೋನಿನಲ್ಲಿ ನಿಮ್ಮ ಎದುರು ನನಗೆ ಮಾತು ಹೊರಡುವುದಿಲ್ಲ, ಹೌದ್ರಿ ಅಕ್ಕಾರ ಎಂದು ಇಟ್ಟುಬಿಡುತ್ತೇನೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಅವ್ವ ನಿಮ್ಮ ಪತ್ರ ಬರುವ ಮೊದಲೇ ಒಂದು ಮಂಗಳವಾರ ಅಲ್ಲಿಗೆ ಹೋಗಿದ್ದಳು. ಗೇಟಿನ ಹೊರಗೆ ನಿಂತಿದ್ದಾಗ, ಪೂಜೆ ಮುಗಿಸಿ ಬಂದ ಒಬ್ಬ ಹೆಣ್ಣುಮಗಳು ಎಲ್ಲರಿಗೂ ಕಾಯಿಚೂರು ಹಂಚುತ್ತಿದ್ದಳಂತೆ. ಅವ್ವನೂ ಸೆರಗು ಒಡ್ಡಿದಳು. "ಯಾವ ಮಂದಿ ಬೇ ನೀ?" ಎಂದು ಜಾತಿ ಕೇಳಿ, ಮೇಲಿನಿಂದ ಒಗೆದಳಂತೆ, ಕೈ ತಾಗದ ಹಾಗೆ. ಅವ್ವ ಅದನ್ನು ತಿಂದು ಮನೆಗೆ ಬಂದಳು. ನನಗೆ ಹೇಳುವಾಗ "ಕಾಯಿ ಬಲು ಸಿಹಿ ಇತ್ತು ನೋಡವಾ" ಎಂದಳು. ನನಗೆ ಸಿಟ್ಟು ತಡೆಯಲಾಗದೆ ಅವಳಿಗೇ ಬೈದೆ.

ನೀವು ಹೇಳಿದ ಹಾಗೆ ಅವಳನ್ನು ಮೂರ್ತಿಯ ಪಕ್ಕ ಕೂರಿಸಿದರೆ, ಪೆಟ್ಟು ಬೀಳುವುದು ನಿಮ್ಮ ತಮ್ಮನವರಿಗಲ್ಲ ಅಕ್ಕಾರ. ನಿಮಗೂ ಅಲ್ಲ, ನೀವು ಕಾರಿನಲ್ಲಿರುತ್ತೀರಿ.

ಅವ್ವನ ಮುಖದಲ್ಲಿ ಶಾಂತಿ ಇದೆ ಎಂದಿದ್ದೀರಿ. ಮಳೆ ಬಂದರೆ ಅವಳು ಹಾಸಿಗೆ ಸುತ್ತಿಕೊಂಡು ಮೂಲೆ ಹುಡುಕುತ್ತಾಳೆ. ನೀವು ಅವಳ ಮನೆಯೊಳಗೆ ಬಂದದ್ದು ನನಗೆ ನೆನಪಿಲ್ಲ, ಅವಳಿಗೂ ಇಲ್ಲವಂತೆ. ಗೋಡೆ ಕಟ್ಟಿಸಲು ನಾನು ಬ್ಯಾಂಕಿನಲ್ಲಿ ಸಾಲ ಕೇಳಿದೆ. "ಜಾಗ ಯಾರ ಹೆಸರಿನ್ಯಾಗ ಐತಿ?" ಎಂದರು. ನಿಮ್ಮಿಬ್ಬರ ಹೆಸರು ಹೇಳಿ ಎದ್ದು ಬಂದೆ.

ನಿಮ್ಮ ತಮ್ಮ ಮನೆ ಕೆಡವುತ್ತೇನೆ ಎನ್ನುತ್ತಾರೆ. ನೀವು ಕೆಡವಬಾರದು ಎನ್ನುತ್ತೀರಿ. ಇಷ್ಟು ತಿಂಗಳಿನಿಂದ ಇಬ್ಬರೂ ಪತ್ರ ಬರೆದುಕೊಂಡಿದ್ದೀರಂತೆ, ಆ ಜಾಗವನ್ನು ಗುತ್ತೆವ್ವನ ಹೆಸರಿಗೆ ಮಾಡೋಣ ಎಂದು ಒಬ್ಬರೂ ಬರೆದಂತಿಲ್ಲ. ಸಹಿ ಮಾಡದೆ ಕೂರುವುದಕ್ಕೆ ನಿಮಗೆ ಖರ್ಚಿಲ್ಲ ಅಕ್ಕಾರ. ಸಹಿ ಮಾಡುವುದಾದರೆ ನಿಮ್ಮ ಪಾಲನ್ನಾದರೂ ಅವ್ವನ ಹೆಸರಿಗೆ ಮಾಡಿಕೊಡಿ. ಅರ್ಧ ಜಾಗ ಸಾಕು, ನಾನು ಎರಡು ಖೋಲಿ ಕಟ್ಟಿಸಿಕೊಳ್ಳುತ್ತೇನೆ. ನೋಂದಣಿ ಖರ್ಚು ನಾನೇ ಹಾಕುತ್ತೇನೆ. ಅವ್ವ ನಿಮ್ಮನ್ನು ಸೊಂಟದ ಮೇಲೆ ಹೊತ್ತದ್ದು ನಿಮಗೆ ನೆನಪಿದೆ ಎಂದು ಅವಳಿಗೆ ಯಾರೋ ಹೇಳಿದ್ದಾರೆ, ಅದನ್ನೇ ನಂಬಿ ಕೂತಿದ್ದಾಳೆ. ಮಳೆಗಾಲ ಬಂತು, ಬೇಗ ಉತ್ತರ ಬರೆಯಿರಿ.

ಹೇಮಾ


ಹಿರೇಕೆರೂರು
28 ಜುಲೈ 2024

ಚಿರಂಜೀವಿ ಬಸವೇಶನಿಗೆ,

ಮೊನ್ನೆ ಶುಕ್ರವಾರ ನಾನೂ ಇವರೂ ಹೇಳದೆ ಕೇಳದೆ ಬಂದು ಒಲೆವ್ವನ ದರ್ಶನ ಮಾಡಿಕೊಂಡು ಹೋದೆವು. ನೀನು ಹುಬ್ಬಳ್ಳಿಗೆ ಹೋಗಿದ್ದೆಯಂತೆ. ಸಾಲು ಹೈವೇವರೆಗೆ ಬಂದಿತ್ತು. ಹಸಿರು ಸೀರೆಯಲ್ಲಿ, ದೀಪದ ಬೆಳಕಿನಲ್ಲಿ ಆ ಮುಖ ನೋಡಿ ನನಗೂ ಒಂದು ತರಹ ಆಯಿತು. ಜನ ಅಷ್ಟು ನಂಬಿದ ಮೇಲೆ ಅದನ್ನು ಸಿಮೆಂಟು ಎನ್ನುವುದು ನಮ್ಮ ದೊಡ್ಡಸ್ತಿಕೆ ಆಗುತ್ತದೆ.

ಇವರು ಅಲ್ಲೇ ನಿಂತು ಎಲ್ಲ ನೋಡಿದರು. ಕಾಯಿ, ಕುಂಕುಮ, ಬಳೆ ಮಾರುವವರು ಯಾರೋ ಹೊರಗಿನವರು. ಹಣ್ಣುಕಾಯಿ ಅಂಗಡಿ ಮನೆಯವರ ಕೈಯಲ್ಲಿರಬೇಕು ಎಂದು ಇವರ ಅಭಿಪ್ರಾಯ. ಭಕ್ತರು ಉಡಿಸಿದ ಸೀರೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದ್ದೀರಿ, ಅದಕ್ಕೊಂದು ವ್ಯವಸ್ಥೆ ಬೇಡವೇ? ನಿನ್ನ ಮ್ಯಾನೇಜರನಿಗೆ ಇದೆಲ್ಲ ತಿಳಿಯುವುದಿಲ್ಲ. ಸಮಿತಿ ಎಂದು ಮಾಡಿ ಅದರಲ್ಲಿ ನನ್ನ ಹೆಸರು ಹಾಕು. ಹೆಂಗಸೊಬ್ಬಳು ಇದ್ದರೆ ಶೋಭೆ.

ಆ ಐದು ಗುಂಟೆಗೆ ಸಹಿ ಹಾಕುತ್ತೇನೆ. ಈ ಸಲ ಉಡಿ ಬೇಡ, ಪಾಲು ಬೇಕು. ಅಂಗಡಿಯದು, ವಾಹನ ನಿಲ್ಲಿಸುವ ಜಾಗದ ವಸೂಲಿಯದು, ಎರಡರಲ್ಲೂ ಅರ್ಧ. ಕಾಗದ ಇವರೇ ಬರೆಸಿಕೊಂಡು ತರುತ್ತಾರೆ. ಅಂಕಿತಾಳ ಸಂಬಂಧ ಗಟ್ಟಿಯಾಗುವಂತಿದೆ. ಬೀಗರು ದೊಡ್ಡ ಮಂದಿ, ಮದುವೆ ನಿನ್ನಲ್ಲೇ ಆಗಬೇಕೆನ್ನುತ್ತಾರೆ.

ಗುತ್ತೆವ್ವನ ಬಗ್ಗೆ ನನಗೆ ಕರುಳು ಚುರ್ ಎನ್ನುತ್ತದೆ. ಆದರೆ ಹೇಮಾಳ ಪತ್ರ ಓದಿದರೆ ನೀನು ದಂಗಾಗುತ್ತೀ. ಜಾಗವನ್ನೇ ತಾಯಿಯ ಹೆಸರಿಗೆ ಮಾಡಿಕೊಡಬೇಕಂತೆ! ಬಸ್ಸಿನಲ್ಲಿ ಟಿಕೆಟ್ ಹರಿಯುವವಳಿಗೆ ಹೈವೇ ಜಾಗದ ಬೆಲೆ ಗೊತ್ತಾಗಿದೆ ನೋಡು. ರೊಕ್ಕದ ಆಸೆ ಎಂಥೆಂಥವರನ್ನು ಕೆಡಿಸುತ್ತದೆ. ಇಷ್ಟು ದಿನ ಅವರ ಪರವಾಗಿ ಒಡಹುಟ್ಟಿದವನ ಜೊತೆ ಜಗಳ ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅವಳಿಗೆ ನಾನು ಉತ್ತರ ಬರೆದಿಲ್ಲ.

ಮನೆಯನ್ನು ಶ್ರಾವಣಕ್ಕಿಂತ ಮೊದಲೇ ತೆಗೆಸಿಬಿಡು. ಶ್ರಾವಣದಲ್ಲಿ ಕೆಡವಿದರೆ ಜನ ಆಡಿಕೊಳ್ಳುತ್ತಾರೆ. ಮುದುಕಿಗೆ ನನ್ನ ಕಡೆಯಿಂದ ಒಂದು ಸೀರೆ ಕಳಿಸುತ್ತೇನೆ.

ಶ್ರಾವಣದ ಮೊದಲ ಮಂಗಳವಾರದ ಪೂಜೆ ನಮ್ಮ ಹೆಸರಿನಲ್ಲಿ ಇರಲಿ.

ನಿನ್ನ ಪ್ರೀತಿಯ ಅಕ್ಕ,
ಶೀಲಾ


ಹಾನಗಲ್
8 ಡಿಸೆಂಬರ್ 2024

ಶೀಲಕ್ಕಾರಿಗೆ,

ನೀವು ಉತ್ತರ ಬರೆಯಲಿಲ್ಲ. ಬದಲಿಗೆ ಜೆಸಿಬಿ ಬಂತು. ಅವ್ವ ಒಲೆಯ ಮೇಲಿನ ಅನ್ನ ಇಳಿಸಿಕೊಳ್ಳುತ್ತೇನೆಂದು ಕೇಳಿಕೊಂಡಳಂತೆ, ಅಷ್ಟಕ್ಕೆ ನಿಂತರಂತೆ. ಪಾತ್ರೆ, ಹಾಸಿಗೆ, ಒಂದು ಕೋಳಿ ತೆಗೆದುಕೊಂಡು ನನ್ನ ಬಸ್ಸಿನಲ್ಲೇ ಹಾನಗಲ್ಲಿಗೆ ಬಂದಳು.

ಆಮೇಲೆ ನಿಮ್ಮ ಸೀರೆಯೂ ಬಂತು. ಹಸಿರು ಸೀರೆ. ಬಿಚ್ಚಿದಾಗ ಸೆರಗಿನ ತುಂಬ ಕುಂಕುಮ, ಮಡಿಕೆಯಲ್ಲಿ ಒಣಗಿದ ಹೂವಿನ ಎಸಳು. ಆ ಮೂರ್ತಿಗೆ ಉಡಿಸಿ ಬಿಚ್ಚಿದ್ದೆಂದು ನೋಡಿದ ಕೂಡಲೇ ತಿಳಿಯಿತು. ಹೊಸ ಸೀರೆ ಕೊಂಡುಕೊಡಲು ಆಗದಷ್ಟು ಬಡವರಾಗಿದ್ದೀರಿ ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ನಿಮ್ಮ ಮೇಲೆ ನನಗೆ ಮೊದಲು ಸಿಟ್ಟಿತ್ತು. ನಿಮ್ಮ ತಮ್ಮನವರ ಮೇಲೆ ಇದ್ದುದಕ್ಕಿಂತ ಹೆಚ್ಚಿತ್ತು, ಯಾಕೆಂದರೆ ಅವರು ನಮ್ಮನ್ನು ಪ್ರೀತಿಸುತ್ತೇನೆಂದು ಯಾವತ್ತೂ ಹೇಳಿರಲಿಲ್ಲ. ಈಗ ಸಿಟ್ಟೂ ಇಲ್ಲ. ನಿಮ್ಮ ಹೆಸರು ಬಂದರೆ ಹೇಸಿಗೆಯಾಗುತ್ತದೆ, ಅಷ್ಟೇ.

ಇದನ್ನು ಬರೆಯಲು ಕಾರಣ ಬೇರೆ. ನಾನು ಇನ್ನೊಬ್ಬ ಕಂಡಕ್ಟರ್ ಹುಡುಗಿಯ ಜೊತೆ ಒಂದೇ ಖೋಲಿಯಲ್ಲಿದ್ದೆ. ಅವ್ವ ಬಂದ ಮೇಲೆ ಅಲ್ಲಿ ಮೂವರಿಗೆ ಸಾಲುವುದಿಲ್ಲ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಪಗಾರ ಕೇಳಿ ಒಳಗೆ ಕರೆಯುತ್ತಾರೆ, ಹೆಸರು, ಊರು, ಕೇರಿ ಕೇಳಿ ಹೊರಗೆ ಕಳಿಸುತ್ತಾರೆ. ಅದು ನಮಗೆ ಹೊಸದಲ್ಲ.

ನಿನ್ನೆ ಒಂದು ಚೆಂದದ ಮನೆ ನೋಡಿದೆವು. ಹಿಂದೆ ಎರಡು ಖೋಲಿ, ನೀರು ಸೌಕರ್ಯ, ಮುಂದೆ ತುಳಸಿಕಟ್ಟೆ. ಮನೆಯೊಡತಿ ನಗುನಗುತ್ತ ಚಾವಿ ತರಲು ಎದ್ದರು. ಪಡಸಾಲೆಯ ಗೋಡೆಗೆ ಒಲೆವ್ವನ ಕ್ಯಾಲೆಂಡರ್ ಇತ್ತು. ಅದಕ್ಕೆ ಮಲ್ಲಿಗೆಯ ಮಾಲೆ ಹಾಕಿ ಊದಿನಕಡ್ಡಿ ಹಚ್ಚಿದ್ದರು. ಬೆಳ್ಳಿಯ ಕಣ್ಣು ಬಿಟ್ಟರೆ ಎಲ್ಲ ಅವ್ವನೇ, ಗಲ್ಲದ ಮಚ್ಚೆ ಸಹ. ಅವ್ವ ಹೊಸ್ತಿಲ ಹೊರಗೆ ನಿಂತು ಅದನ್ನೇ ನೋಡುತ್ತಿದ್ದಳು. ಮನೆಯೊಡತಿಯೂ ನೋಡಿದರು, ಒಮ್ಮೆ ಕ್ಯಾಲೆಂಡರನ್ನು, ಒಮ್ಮೆ ಅವ್ವನನ್ನು. ಗುರುತು ಹಿಡಿದರೇನೋ ಎಂದುಕೊಂಡೆ. ಅವರು ಕೇಳಿದ್ದು, "ನೀವು ಯಾವ ಮಂದಿರೀ?" ಎಂದು.

ನಾನು ಹೇಳಿದೆ. ಅವರು ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, "ದೇವ್ರ ಮನಿ ಬಾಜೂಕ ಐತವಾ, ಮಡಿ ಮೈಲಿಗಿ ಆಗ್ತೈತಿ, ತಪ್ಪು ತಿಳ್ಕೋಬ್ಯಾಡ್ರಿ" ಎಂದರು. ಹಾಗೆಂದು ಕ್ಯಾಲೆಂಡರಿನ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡರು.

ನಾನು ಅಲ್ಲೇ ನಿಂತು, ನೀವು ಪೂಜೆ ಮಾಡುತ್ತಿರುವುದು ಈಕೆಯನ್ನೇ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅವ್ವ ನನ್ನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿಕೊಂಡು ಬಂದಳು. ರಸ್ತೆಗೆ ಬಂದ ಮೇಲೆ ತಿರುಗಿ ಆ ಬಾಗಿಲೊಳಗಿನ ಕ್ಯಾಲೆಂಡರಿನ ಕಡೆ ನೋಡಿದಳು.

"ಬಿಡವಾ," ಅಂದಳು. "ಆಕಿಗಾದ್ರೂ ಮನಿ ಸಿಕ್ಕೈತಿ."

ಹೇಮಾ